'ನೀವು ತಿಂತೀರಾ?' ಎಂಬ ಪ್ರಶ್ನೆಯ ಹಿಂದೆ

ಕನ್ನಡದಲ್ಲಿ ಕರ್ಮಪದವಿಲ್ಲದೆಯೇ ಪೂರ್ಣವಾಗುವ ಒಂದು ಪ್ರಶ್ನೆಯಿದೆ: 'ನೀವು ತಿಂತೀರಾ?' ಏನನ್ನು ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಬಾಡಿಗೆಗೆ ಮನೆ ನೋಡಲು ಹೋದಾಗ, ಹೊಸ ಕಚೇರಿಯಲ್ಲಿ ಮೊದಲ ದಿನ ಊಟದ ಡಬ್ಬಿ ತೆರೆಯುವಾಗ, ಮನೆಯಲ್ಲಿ ಮದುವೆಯ ಮಾತುಕತೆ ಆರಂಭವಾದಾಗ ಈ ಪ್ರಶ್ನೆ ಬರುತ್ತದೆ. ಅದು ಮಾಂಸದ ವಿಷಯವೆಂದು ಕೇಳಿದವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು. ಉತ್ತರವೂ ಅಷ್ಟೇ ಚಿಕ್ಕದು: 'ತಿಂತೀವಿ' ಅಥವಾ 'ನಮ್ಮಲ್ಲಿ ತಿನ್ನಲ್ಲ'. ಈ ಉತ್ತರಗಳನ್ನು ಸ್ವಲ್ಪ ಗಮನಿಸಿ. 'ನಾನು ತಿನ್ನುವುದಿಲ್ಲ' ಎನ್ನುವವರಿಗಿಂತ 'ನಮ್ಮಲ್ಲಿ' ಎನ್ನುವವರೇ ಹೆಚ್ಚು. ತಿನ್ನುವವರೂ 'ತಿಂತೀನಿ' ಎನ್ನದೆ 'ತಿಂತೀವಿ' ಎನ್ನುತ್ತಾರೆ. ತಿನ್ನುವ ಬಾಯಿ ಒಂದೇ ಆದರೂ ಕ್ರಿಯಾಪದ ಬಹುವಚನದಲ್ಲಿರುತ್ತದೆ. ಮಾಂಸ ತಿನ್ನುವುದು, ಬಿಡುವುದು ಅವರವರ ಸ್ವಂತ ಆಯ್ಕೆ ಎಂದು ನಾವು ಈಚೆಗೆ ಬಹಳವಾಗಿ ಹೇಳುತ್ತಿದ್ದೇವೆ. ಆ ಆಯ್ಕೆಯಲ್ಲಿ ವ್ಯಕ್ತಿಯ ಪಾಲೆಷ್ಟು, ಆ ವ್ಯಕ್ತಿಯನ್ನು ಬೆಳೆಸಿದ ಮನೆಯ ಪಾಲೆಷ್ಟು ಎಂಬುದನ್ನು ಈ ಸಂಜೆ ನಿಮ್ಮ ಜೊತೆ ಕೂತು ಯೋಚಿಸಬೇಕೆಂದಿದ್ದೇನೆ.

ನಾನು ಸಮಾಜಶಾಸ್ತ್ರ ಪಾಠ ಮಾಡಿಕೊಂಡು ಬಂದವಳು. ಆದರೆ ಈ ವಿಷಯದಲ್ಲಿ ನನ್ನ ಮೊದಲ ತರಗತಿ ನಡೆದದ್ದು ಮಂಡ್ಯ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ, ಹೊಸತೊಡಕಿನ ದಿನ. ಯುಗಾದಿಯ ದಿನ ಹೋಳಿಗೆ. ಮಾರನೆಯ ದಿನ ಬಾಡು. ಹತ್ತಿಪ್ಪತ್ತು ಮನೆಯವರು ಚೀಟಿಯಂತೆ ತಿಂಗಳು ತಿಂಗಳೂ ಹಣ ಕೂಡಿಸಿ, ಹಬ್ಬಕ್ಕೆ ಕುರಿ ತಂದು, ನಸುಕಿನಲ್ಲೇ ಕಡಿದು, ತೋಪಿನ ನೆರಳಿನಲ್ಲಿ ಬಾಳೆ ಎಲೆಗಳನ್ನು ಸಾಲಾಗಿ ಹಾಸಿ, ಮಾಂಸವನ್ನು ಗುಡ್ಡೆ ಹಾಕುತ್ತಿದ್ದರು. ಎಷ್ಟು ಮನೆಯೋ ಅಷ್ಟು ಗುಡ್ಡೆ. ತೊಡೆಯ ತುಂಡು, ಪಕ್ಕೆ, ಮೂಳೆ, ಈಲಿ, ಕೊಬ್ಬು, ಎಲ್ಲವೂ ಎಲ್ಲ ಗುಡ್ಡೆಗೂ ಸಮನಾಗಿ ಬೀಳಬೇಕು. ಹಿರಿಯರೊಬ್ಬರು ಸಾಲಿನುದ್ದಕ್ಕೂ ನಡೆದು, ಇಲ್ಲಿಂದ ಒಂದು ತುಂಡು ತೆಗೆದು ಅಲ್ಲಿಗೆ ಹಾಕಿ, ಎಲ್ಲರೂ ಒಪ್ಪಿದ ಮೇಲೆಯೇ ಗುಡ್ಡೆಗಳು ಮನೆಗೆ ಹೋಗುತ್ತಿದ್ದವು. ಮಕ್ಕಳಾದ ನಾವು ಸುತ್ತ ನಿಂತು ನೋಡುತ್ತಿದ್ದೆವು. ಮಾಂಸ ತಿನ್ನುವುದು ಸರಿಯೋ ತಪ್ಪೋ ಎಂದು ಅಲ್ಲಿ ಯಾರೂ ಚರ್ಚಿಸಲಿಲ್ಲ. ಆ ಮಾಂಸದ ಜೊತೆಗೆ ಊರು, ನೆರೆಹೊರೆ, ಸಮಪಾಲು, ಹಬ್ಬದ ಬೆಳಗಿನ ಸಡಗರ ಎಲ್ಲವೂ ಬೆರೆತು ನಮ್ಮೊಳಗೆ ಇಳಿದವು. ಇಂದಿಗೂ ಕುರಿಬಾಡಿನ ಸಾರಿಗೆ ಮಸಾಲೆ ಅರೆಯುವ ಪರಿಮಳ ಬಂದರೆ ನನಗೆ ನೆನಪಾಗುವುದು ನಾಲಿಗೆಯ ರುಚಿಗಿಂತ ಮೊದಲು ಆ ತೋಪು.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ತೋಪಿನಲ್ಲಿದ್ದ ಸಮಪಾಲು ನಮ್ಮ ಮನೆಯ ಹೊಸ್ತಿಲು ದಾಟಿದ ಮೇಲೆ ಉಳಿಯುತ್ತಿರಲಿಲ್ಲ. ಅಪ್ಪನಿಗೆ, ಅಣ್ಣಂದಿರಿಗೆ, ಬಂದ ನೆಂಟರಿಗೆ ತುಂಡು. ಹೆಣ್ಣುಮಕ್ಕಳಾದ ನಮಗೆ ಒಂದೆರಡು ತುಂಡು, ಮುದ್ದೆ ಮುಳುಗುವಷ್ಟು ಸಾರು. ಎಲ್ಲರದೂ ಮುಗಿದ ಮೇಲೆ ಕೂರುವ ಅವ್ವನಿಗೆ ಪಾತ್ರೆಯ ತಳದಲ್ಲಿ ಉಳಿದ ಮೂಳೆ. 'ನಂಗೆ ಮೂಳೇನೇ ಇಷ್ಟ ಕಣವ್ವ' ಎಂದು ಅವ್ವ ಹೇಳುತ್ತಿದ್ದಳು. ನಾನದನ್ನು ಬಹಳ ವರ್ಷ ನಂಬಿದ್ದೆ. ನನಗೂ ಮದುವೆಯಾಗಿ, ಬಡಿಸುವ ಸೌಟು ನನ್ನ ಕೈಗೆ ಬಂದ ಮೇಲೆ ಒಂದು ದಿನ ನಾನೂ ಅದೇ ಮಾತು ಆಡಿದ್ದು ನನ್ನ ಕಿವಿಗೇ ಕೇಳಿಸಿತು. ಇಷ್ಟ ಎಂಬುದು ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಆ ದಿನ.

ನಮ್ಮದು 'ಮಾಂಸಾಹಾರಿ' ಮನೆ. ಆದರೆ ಆ ಮನೆ ನನಗೆ ಕಲಿಸಿದ ಪಾಠಗಳಲ್ಲಿ ತಿನ್ನಬಾರದು ಎಂಬ ಪಾಠಗಳೇ ಹೆಚ್ಚು. ಸೋಮವಾರ ಇಲ್ಲ, ಶನಿವಾರ ಇಲ್ಲ, ಶ್ರಾವಣ ಮಾಸವಿಡೀ ಇಲ್ಲ. ಬಾಡು ಬೇಯಿಸುವ ಮಡಕೆಯೇ ಬೇರೆ. ಅದರ ಜಾಗ ಅಡುಗೆಮನೆಯಲ್ಲಲ್ಲ, ಹಿತ್ತಿಲ ಸೂರಿನ ಕೆಳಗೆ. ಬಾಡೂಟ ಮುಗಿದ ಮೇಲೆ ಒಲೆ ಸಾರಿಸಿ, ತಲೆಗೆ ಸ್ನಾನ ಮಾಡಿಯೇ ದೇವರ ದೀಪ ಮುಟ್ಟಬೇಕು. ಲೆಕ್ಕ ಹಾಕಿ ನೋಡಿದರೆ ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಬಾಡು. ಉಳಿದ ದಿನಗಳಲ್ಲಿ ಉಪ್ಪೆಸರು, ಬಸ್ಸಾರು, ಹುರುಳಿಕಾಳು. ಆ ಮನೆಯನ್ನು ಕರೆಯಲು 'ನಾನ್‌ವೆಜ್' ಎಂಬ ಪದ ಬಂದಿದೆ. ಬಹುಪಾಲು ಜನರ ಊಟವನ್ನು ಇನ್ನೊಂದು ಊಟದ ನಿರಾಕರಣೆಯಾಗಿ ಹೆಸರಿಸುವ ಪದ ಅದು. 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದವರಲ್ಲಿ ಶೇಕಡ 70ಕ್ಕೂ ಹೆಚ್ಚು ಜನ ಮಾಂಸ ತಿನ್ನುವವರು. ಕರ್ನಾಟಕದಲ್ಲಿ ಸಸ್ಯಾಹಾರಿಗಳು ಶೇಕಡ 21ರ ಆಸುಪಾಸು. ರಾಜಸ್ಥಾನದಲ್ಲಿ ನಾಲ್ವರಲ್ಲಿ ಮೂವರು ಸಸ್ಯಾಹಾರಿಗಳಾದರೆ ತೆಲಂಗಾಣದಲ್ಲಿ ನೂರಕ್ಕೆ ಇಬ್ಬರೂ ಸಿಗುವುದಿಲ್ಲ. ರಾಜಸ್ಥಾನದಲ್ಲಿ ಹುಟ್ಟಿದವರೆಲ್ಲ ಕುಳಿತು ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು, ತೆಲಂಗಾಣದಲ್ಲಿ ಹುಟ್ಟಿದವರು ಅಷ್ಟೇ ಯೋಚಿಸಿ ಬೇರೊಂದು ತೀರ್ಮಾನಕ್ಕೆ ಬಂದರು ಎಂದು ನಾವು ನಂಬಲಾರೆವು. ಹುಟ್ಟಿದ ಊರು, ಮನೆ ಮತ್ತು ಜಾತಿ ಅವರ ಪರವಾಗಿ ಬಹುಪಾಲು ತೀರ್ಮಾನ ಮಾಡಿಯಾಗಿರುತ್ತದೆ.

ಎಷ್ಟು ಬೇಗ ಮಾಡಿಯಾಗಿರುತ್ತದೆ ಎಂದು ಕೇಳಿದರೆ ಆಶ್ಚರ್ಯವಾಗುತ್ತದೆ. ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೆಲವು ತಾಯಂದಿರು ಬಸುರಿನ ಕೊನೆಯ ತಿಂಗಳುಗಳಲ್ಲಿ ಕ್ಯಾರೆಟ್ ರಸ ಕುಡಿದರು, ಕೆಲವರು ಹಾಲೂಡಿಸುವ ತಿಂಗಳುಗಳಲ್ಲಿ ಕುಡಿದರು, ಇನ್ನು ಕೆಲವರು ನೀರನ್ನಷ್ಟೇ ಕುಡಿದರು. ಮಕ್ಕಳು ಅನ್ನ ತಿನ್ನುವ ವಯಸ್ಸಿಗೆ ಬಂದಾಗ ಕ್ಯಾರೆಟ್ ಬೆರೆಸಿದ ಗಂಜಿ ಕೊಟ್ಟು ನೋಡಿದರೆ, ಗರ್ಭದಲ್ಲೋ ಎದೆಹಾಲಿನಲ್ಲೋ ಆ ರುಚಿಯನ್ನು ಮೊದಲೇ ಕಂಡಿದ್ದ ಮಕ್ಕಳು ಮುಖ ಸಿಂಡರಿಸಿದ್ದು ಕಡಿಮೆ. ಮಾತು ಬರುವ ಮೊದಲೇ, ಹಲ್ಲು ಬರುವ ಮೊದಲೇ ನಾಲಿಗೆಗೆ ಮನೆಯ ಪರಿಚಯವಾಗಿರುತ್ತದೆ. ತಾಯಿ ಬಸುರಿಯಾಗಿದ್ದಾಗ ಒಗ್ಗರಣೆಯ ಬೆಳ್ಳುಳ್ಳಿ ತಿಂದಿದ್ದಳೋ, ಮೀನಿನ ಗಸಿ ತಿಂದಿದ್ದಳೋ, ಇಂಗು ಹಾಕಿದ ತಿಳಿಸಾರು ತಿಂದಿದ್ದಳೋ ಎಂಬುದು ಮಗುವಿನ ಮೊದಲ ಪಾಠವಾಗುತ್ತದೆ.

ರುಚಿಯಂತೆಯೇ ಹೇಸಿಗೆಯೂ ಕಲಿತದ್ದು. ತೆವಳುವ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟುಕೊಳ್ಳುತ್ತದೆ. ತಾಯಿ ಓಡಿ ಬಂದು 'ಛೀ, ಕಕ್ಕ!' ಎಂದು ಮುಖ ಕಿವುಚಿ ಕಿತ್ತುಕೊಳ್ಳುತ್ತಾಳೆ. ಆ ಕಿವುಚಿದ ಮುಖವನ್ನು ಮಗು ಜೀವಮಾನವಿಡೀ ಒಳಗಿಟ್ಟುಕೊಂಡಿರುತ್ತದೆ. ಹೇಸಿಗೆಯ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ 1997ರಲ್ಲಿ ಸಂಗಡಿಗರೊಡನೆ ಒಂದು ಸಂಗತಿಯನ್ನು ತೋರಿಸಿದರು: ಆರೋಗ್ಯಕ್ಕಾಗಿ ಮಾಂಸ ಬಿಟ್ಟವರಿಗಿಂತ ಧರ್ಮಾಧರ್ಮದ ಯೋಚನೆಯಿಂದ ಬಿಟ್ಟವರಲ್ಲಿ ಮಾಂಸದ ಬಗ್ಗೆ ಹೇಸಿಗೆ ಹೆಚ್ಚು. ನಂಬಿಕೆ ಬಲವಾದಂತೆ ಹೊಟ್ಟೆಯೂ ಅದರ ಜೊತೆ ಸೇರುತ್ತದೆ. ಇದು ಸಸ್ಯಾಹಾರಿಗಳಿಗಷ್ಟೇ ಸಂಬಂಧಿಸಿದ ಮಾತು ಎಂದು ಭಾವಿಸಬೇಡಿ. ಕುರಿಯ ತಲೆ, ಕಾಲು, ಬೋಟಿ ಎಲ್ಲವನ್ನೂ ತಿಂದು ಬೆಳೆದ ನನ್ನ ಮುಂದೆ ನಾಯಿಯ ಮಾಂಸ ಇಟ್ಟರೆ ನಾನು ಎದ್ದು ಹೋಗುತ್ತೇನೆ. ಯಾಕೆ ಎಂದು ಕೇಳಿದರೆ ಎದ್ದು ಹೋದ ಮೇಲೆ ಕಾರಣ ಹುಡುಕುತ್ತೇನೆ. ಆದ್ದರಿಂದಲೇ ಮಾಂಸದ ವಾಸನೆಗೆ ಹೊಟ್ಟೆ ತೊಳಸುವ ಗೆಳತಿಯ ಸಂಕಟ ನಟನೆಯಲ್ಲ ಎಂದು ನನಗೆ ಗೊತ್ತು. ನನ್ನೊಳಗೂ ಅದೇ ಸಂಕಟವಿದೆ, ಅದು ಕಾಣಿಸಿಕೊಳ್ಳುವ ಜಾಗ ಮಾತ್ರ ಬೇರೆ.

ಅದು ಮೊದಲು ಕಾಣಿಸಿಕೊಂಡದ್ದು ಕುಮಟೆಯಲ್ಲಿ. ಕೆಲಸ ಸಿಕ್ಕಿ ಅಲ್ಲಿಗೆ ಹೋದಾಗ ನನಗೆ 24 ವರ್ಷ. ಮಳೆಗಾಲ, ಯಾಂತ್ರಿಕ ದೋಣಿಗಳು ದಡ ಸೇರಿದ್ದವು, ಪೇಟೆಯಲ್ಲಿ ಹಸಿ ಮೀನು ಅಪರೂಪವಾಗಿತ್ತು, ಪಕ್ಕದ ಮನೆಯಲ್ಲಿ ಒಣಮೀನು ಸುಡುತ್ತಿದ್ದರು. ಆ ವಾಸನೆಗೆ ನಾನು ಕಿಟಕಿ ಬಾಗಿಲೆಲ್ಲ ಮುಚ್ಚಿ ಕೂತೆ, ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಪಕ್ಕದ ಮನೆಯ ಅಕ್ಕ ಬಂದು ಮಾತಾಡಿಸಿದಾಗ ಅವರು ಸಾರಸ್ವತ ಬ್ರಾಹ್ಮಣರೆಂದು ತಿಳಿಯಿತು. ಬ್ರಾಹ್ಮಣರೆಂದರೆ ತಿನ್ನದವರು, ನಾವೆಂದರೆ ತಿನ್ನುವವರು ಎಂದು ಮಂಡ್ಯದಲ್ಲಿ ಕಲಿತಿದ್ದ ಲೆಕ್ಕ ಅಲ್ಲಿಗೆ ಮುರಿಯಿತು. ಅವರಿಗೆ ಬಂಗಡೆ ನಿತ್ಯದ ಊಟ, ಆದರೆ ಸೋಮವಾರ ಮೀನಿಲ್ಲ, ಕುರಿಯಂತೂ ಆ ಮನೆಗೆ ಎಂದೂ ಬಂದದ್ದಿಲ್ಲ. ನಾನು ಕುರಿ ತಿನ್ನುತ್ತೇನೆಂದಾಗ ಅವರ ಮುಖದಲ್ಲಿ ಕಂಡದ್ದು ಒಣಮೀನಿನ ಎದುರು ನನ್ನ ಮುಖದಲ್ಲಿದ್ದ ಅದೇ ಭಾವ. ಅದೇ ಬೀದಿಯ ತುದಿಯಲ್ಲಿ ಹವ್ಯಕರ ಮನೆ. ಅಲ್ಲಿ ಮೀನೂ ಇಲ್ಲ, ಕೆಲವು ದಿನ ಈರುಳ್ಳಿಯೂ ಇಲ್ಲ. ಒಂದೇ ಮಳೆ, ಒಂದೇ ಸಮುದ್ರದ ಗಾಳಿ, ಮೂರು ಅಡುಗೆಮನೆ. ಮುಂದೆ ಹುಬ್ಬಳ್ಳಿಯಲ್ಲಿ ಸಸ್ಯಾಹಾರದ ಲಿಂಗಾಯತ ಖಾನಾವಳಿಯ ಬೋರ್ಡು ದಾಟಿ ಬಾಡೂಟದ ಸಾವಜಿ ಖಾನಾವಳಿಯ ಬೋರ್ಡು ಕಂಡಾಗ, ಕೊಡಗಿನ ಮದುವೆಯಲ್ಲಿ ಕಾಚಂಪುಳಿ ಹಾಕಿದ ಪಂದಿ ಕರಿಯ ಜೊತೆ ಕಡಂಬಿಟ್ಟು ಬಡಿಸಿದಾಗ ನನಗೆ ಅಷ್ಟು ಆಶ್ಚರ್ಯವಾಗಲಿಲ್ಲ. ಕುಮಟೆ ನನ್ನನ್ನು ಸಿದ್ಧಗೊಳಿಸಿತ್ತು.

ಹಾಗಾದರೆ ಪರಂಪರೆಯೆಂದರೆ ಬರೀ ಅಭ್ಯಾಸವೇ, ಯೋಚನೆಯೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಒಂದಲ್ಲ, ಹಲವು ಯೋಚನೆಗಳಿವೆ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ಊಟಕ್ಕೆ ಹೊಲದ ಇಲಿಯನ್ನು ಹದ ಮಾಡುವ ಕ್ರಮವೂ ಸಿಗುತ್ತದೆ. ಅದೇ ನೆಲದ ಇನ್ನೊಂದು ಧಾರೆಯಲ್ಲಿ, 16ನೆಯ ಶತಮಾನದ ಆರಂಭದ ಜೈನ ಕವಿ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ 'ಸೂಪಶಾಸ್ತ್ರ' ಪೂರ್ತಿ ಸಸ್ಯಾಹಾರದ ಪಾಕಗ್ರಂಥ. ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು 1209ರಲ್ಲಿ ಜನ್ನ ಬರೆದ ಯಶೋಧರನ ಕಥೆ. ದೇವಿಗೆ ಬಲಿ ಕೊಡಬೇಕೆಂದು ತಾಯಿ ಒತ್ತಾಯಿಸುತ್ತಾಳೆ. ಜೀವ ತೆಗೆಯಲು ಒಲ್ಲದ ಮಗ ಕೊನೆಗೆ ತಾಯಿಯ ಮಾತಿಗೆ ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಕಡಿದದ್ದು ಹಿಟ್ಟು, ಆದರೂ ತಾಯಿ ಮಗ ಇಬ್ಬರೂ ಹಲವು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ, ಏಕೆಂದರೆ ಹಿಂಸೆ ಸಂಕಲ್ಪದಲ್ಲಿತ್ತು. ಈ ಕಥೆ ಕೇಳಿ ಬೆಳೆದ ಜೈನ ಮನೆಯ ಮಗುವಿಗೆ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವುದು, ಗೆಡ್ಡೆ ಬಿಡುವುದು ಬರೀ ಮನೆಯ ನಿಯಮಗಳಾಗಿ ಉಳಿಯುವುದಿಲ್ಲ. ಕಾಣದ ಜೀವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಒಂದು ದೊಡ್ಡ ವಿಚಾರ ಆ ನಿಯಮಗಳ ಒಳಗಿದೆ. ಅದಕ್ಕೆ ನನ್ನ ಪೂರ್ಣ ಗೌರವವಿದೆ.

ನನ್ನ ನೋವಿರುವುದು ಬೇರೆ ಕಡೆ. ಊಟಕ್ಕೆ ಮೇಲು ಕೀಳಿನ ಅಳತೆಗೋಲು ಅಂಟಿಕೊಂಡಾಗ, ತಿನ್ನುವ ಮಗುವಿಗೆ ಅವಮಾನ ಕಲಿಸಲಾಗುತ್ತದೆ. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್ ಕೊಡವರ ಕುರಿತ 1952ರ ಅಧ್ಯಯನದಲ್ಲಿ ಸಂಸ್ಕೃತೀಕರಣ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು: ಕೆಳಗೆಂದು ಎಣಿಸಲಾದ ಜಾತಿಗಳು ಮಾಂಸ, ಮದ್ಯ ಬಿಟ್ಟು, ಮೇಲಿನವರ ಆಚಾರಗಳನ್ನು ತಮ್ಮದಾಗಿಸಿಕೊಂಡು ಮೇಲೇರಲು ಯತ್ನಿಸುವುದನ್ನು ಅವರು ಗುರುತಿಸಿದರು. ಇದನ್ನು ತರಗತಿಯಲ್ಲಿ ವಿವರಿಸಿದ ದಿನ ಒಬ್ಬ ವಿದ್ಯಾರ್ಥಿನಿ ಎಲ್ಲರೂ ಹೋದ ಮೇಲೆ ಬಂದು ನಿಂತಳು. ದಲಿತ ಕೇರಿಯಿಂದ ಬಂದ ಹುಡುಗಿ. ಶಾಲೆಯ ದಿನಗಳಲ್ಲಿ ಹಬ್ಬದ ಮರುದಿನ ಡಬ್ಬಿಯಲ್ಲಿ ದನದ ಮಾಂಸದ ಪಲ್ಯವಿದ್ದರೆ ಅದನ್ನು ದಾರಿಯ ಪೊದೆಯಲ್ಲಿ ಚೆಲ್ಲಿ, ಖಾಲಿ ಡಬ್ಬಿ ತೊಳೆದುಕೊಂಡು ಹೋಗುತ್ತಿದ್ದಳಂತೆ. ಮಧ್ಯಾಹ್ನ ಹಸಿವಿಲ್ಲ ಎನ್ನುತ್ತಿದ್ದಳಂತೆ. 'ಈಗ ನಾನು ಯಾವ ಮಾಂಸವನ್ನೂ ತಿನ್ನಲ್ಲ ಮೇಡಂ. ಆದರೆ ಬಿಟ್ಟವಳು ನಾನೋ, ಬಿಡಿಸಿದವರು ಅವರೋ ಗೊತ್ತಾಗ್ತಿಲ್ಲ' ಎಂದಳು. ನನ್ನ ವೃತ್ತಿಜೀವನದಲ್ಲಿ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳಲ್ಲಿ ಇಷ್ಟು ಆಳದ್ದು ಇನ್ನೊಂದಿಲ್ಲ.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯುವ ಮುನ್ನ, ಮದ್ಯ ಮತ್ತು ತಂಬಾಕಿನ ಸಾಲಿನಲ್ಲಿಯೇ ಮಾಂಸಾಹಾರವನ್ನೂ ಸೇರಿಸಿ ನಿಷೇಧವೆಂದ ಸೂಚನೆಯ ಬಗ್ಗೆ ದೊಡ್ಡ ಚರ್ಚೆಯಾದದ್ದು ನಿಮಗೆ ನೆನಪಿರಬಹುದು. ಸಮ್ಮೇಳನದಲ್ಲಿ ಬಾಡೂಟ ಬೇಕೋ ಬೇಡವೋ ಎಂಬುದು ಅಡುಗೆಯ ವ್ಯವಸ್ಥೆಯ ಪ್ರಶ್ನೆಯಾಗಬಹುದಿತ್ತು. ಆದರೆ ನನ್ನ ಅವ್ವನ ಹೊಸತೊಡಕಿನ ಸಾರು ಚಟಗಳ ಪಟ್ಟಿಯಲ್ಲಿ ಸೇರಿದ್ದನ್ನು ಓದಿದಾಗ ನನಗಾದ ನೋವು ಊಟದ್ದಲ್ಲ. ಮಕ್ಕಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಶಾಲೆಯ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದಾಗ, ತಿನ್ನದವರಿಗೆ ಬಾಳೆಹಣ್ಣು ಎಂಬ ಏರ್ಪಾಡಿತ್ತು. ಕೆಲವು ಮಠಾಧೀಶರಿಂದ ವಿರೋಧವೂ ಬಂತು. ಅಪೌಷ್ಟಿಕತೆ ಹೆಚ್ಚಿರುವ ಊರುಗಳಲ್ಲಿ ಮೊಟ್ಟೆ ಬೇಕೇ ಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ 'ಯಾರ್ಯಾರು ತಿಂತೀರಿ, ಕೈ ಎತ್ತಿ' ಎಂದು ತುಂಬಿದ ತರಗತಿಯಲ್ಲಿ ಕೇಳುವ ರೀತಿಯ ಬಗ್ಗೆ ಶಿಕ್ಷಕರು ಯೋಚಿಸಬೇಕು. ಆರು ವರ್ಷದ ಮಗು ಆ ಕ್ಷಣದಲ್ಲಿ ತಟ್ಟೆಯನ್ನಲ್ಲ, ಪಕ್ಕದಲ್ಲಿ ಕೂತವರ ಕೈಗಳನ್ನು ನೋಡುತ್ತದೆ.

ಮನೆ ಕೊಟ್ಟದ್ದು ನಮ್ಮದೇ ಆಯ್ಕೆಯಾಗಿ ಬದಲಾಗುವುದು ಸಾಧ್ಯವೇ? ಗಾಂಧೀಜಿಯವರ ಬದುಕಿನಲ್ಲಿ ಅದು ಹಂತ ಹಂತವಾಗಿ ಕಾಣುತ್ತದೆ. ಹುಟ್ಟಿನಿಂದ ಸಸ್ಯಾಹಾರಿ, ಹದಿಹರೆಯದಲ್ಲಿ, ಇಂಗ್ಲಿಷರನ್ನು ಎದುರಿಸುವ ಬಲ ಮಾಂಸದಿಂದ ಬರುತ್ತದೆಂಬ ಗೆಳೆಯನ ಮಾತಿಗೆ ಗುಟ್ಟಾಗಿ ಆಡಿನ ಮಾಂಸ ತಿಂದರು, ಆ ರಾತ್ರಿ ಹೊಟ್ಟೆಯೊಳಗೆ ಜೀವಂತ ಆಡು ಅರಚಿದಂತಾಗಿ ನಿದ್ದೆ ಬರಲಿಲ್ಲ. ಅರಚಿದ್ದು ಆಡಲ್ಲ, ಮನೆ. 1888ರಲ್ಲಿ ಲಂಡನ್ನಿಗೆ ಹೊರಟಾಗ ತಾಯಿಗೆ ಮಾತು ಕೊಟ್ಟರು, ಅಲ್ಲಿ ಅರೆಹೊಟ್ಟೆಯಲ್ಲಿದ್ದು ಮಾತು ಉಳಿಸಿಕೊಂಡರು. ಆಗಲೂ ಭಾರತೀಯರೆಲ್ಲ ಮಾಂಸ ತಿಂದರೆ ಒಳ್ಳೆಯದೆಂದೇ ಅವರ ಭಾವನೆಯಿತ್ತು. ಲಂಡನ್ನಿನ ಸಸ್ಯಾಹಾರಿ ಉಪಾಹಾರ ಗೃಹವೊಂದರಲ್ಲಿ ಕೊಂಡ ಹೆನ್ರಿ ಸಾಲ್ಟ್ ಅವರ ಪುಸ್ತಕ ಓದಿದ ಮೇಲೆಯೇ ತಾನು ಆಯ್ಕೆಯಿಂದ ಸಸ್ಯಾಹಾರಿಯಾದೆ ಎಂದು ಅವರು ಬರೆದುಕೊಂಡರು. ತಟ್ಟೆಯಲ್ಲಿ ಏನೂ ಬದಲಾಗಲಿಲ್ಲ. ನಿನ್ನೆಯವರೆಗೆ ತಾಯಿಯದಾಗಿದ್ದ ಊಟ ಆ ದಿನ ಮಗನದಾಯಿತು.

ನನ್ನ ಮಗಳದು ಇದಕ್ಕೆ ತಿರುಗುಮುರುಗಾದ ಕಥೆ. ಅವಳು ಮೈಸೂರಿನಲ್ಲಿ ಬೆಳೆದವಳು, ರಜೆಗೆ ಮಾತ್ರ ಊರಿಗೆ ಬರುತ್ತಿದ್ದಳು. 13 ವರ್ಷದವಳಿದ್ದಾಗ ಒಂದು ರಜೆಯಿಡೀ ಅಣ್ಣನ ಮನೆಯ ಕುರಿಮರಿಗೆ ಸೊಪ್ಪು ತಿನ್ನಿಸಿದಳು. ಮುಂದಿನ ಹೊಸತೊಡಕಿಗೆ ಬಂದಾಗ ಆ ಗೂಟ ಖಾಲಿಯಿತ್ತು. ಅಂದಿನಿಂದ ಬಿಟ್ಟಳು. ನಾಲ್ಕು ದಿನದ ಹಟ ಎಂದುಕೊಂಡೆವು, ಹಟವಾಗಿರಲಿಲ್ಲ. ಏಳು ವರ್ಷದವಳಿದ್ದಾಗ ನಾನೂ ಒಂದು ಹುಂಜಕ್ಕಾಗಿ ಅತ್ತಿದ್ದೆ, ಆ ರಾತ್ರಿಯೇ ಅದರ ಸಾರಿನಲ್ಲಿ ಮುದ್ದೆ ಅದ್ದಿದ್ದೆ. ನನಗಿಂತ ಅವಳ ಮನಸ್ಸು ಮೃದು ಎಂದು ನನಗೆ ಅನ್ನಿಸುವುದಿಲ್ಲ. ಅಕ್ಕರೆಯ ಪ್ರಾಣಿಯೂ ಹಬ್ಬದ ಊಟವೂ ಒಂದೇ ಅಂಗಳದಲ್ಲಿರುವುದನ್ನು ನಾನು ನೋಡುತ್ತ ಬೆಳೆದೆ. ಅವಳ ಪಾಲಿಗೆ ಪ್ರಾಣಿಯೆಂದರೆ ಸಾಕಿದ ಬೆಕ್ಕು, ಮಾಂಸವೆಂದರೆ ಅಂಗಡಿಯಿಂದ ಕಪ್ಪು ಕವರಿನಲ್ಲಿ ಬರುವ ಪದಾರ್ಥ. ಎರಡೂ ಒಂದೇ ಎಂದು ಅವಳಿಗೆ ಒಮ್ಮೆಲೇ ಗೊತ್ತಾಯಿತು. 2010ರಲ್ಲಿ ಸ್ಟೀವ್ ಲಾಫ್‌ನನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದರಲ್ಲಿ, ಆಗಷ್ಟೇ ಒಣಗಿಸಿದ ದನದ ಮಾಂಸ ತಿಂದವರು ಒಣಬೀಜ ತಿಂದವರಿಗಿಂತ ಕಡಿಮೆ ಪ್ರಾಣಿಗಳನ್ನು ಕರುಣೆಗೆ ಅರ್ಹವೆಂದು ಗುರುತಿಸಿದರು. ಬಾಯಿ ತಿಂದದ್ದಕ್ಕೆ ಮನಸ್ಸು ಸಮಾಧಾನ ಹುಡುಕಿಕೊಳ್ಳುತ್ತದೆ. ನನ್ನ ಮನಸ್ಸು ಏಳನೆಯ ವಯಸ್ಸಿನ ಆ ರಾತ್ರಿಯೇ ಹುಡುಕಿಕೊಂಡಿತ್ತು. ನನ್ನ ಮಗಳು ಅದಕ್ಕೆ ಅವಕಾಶ ಕೊಡಲಿಲ್ಲ.

ಅವ್ವನಿಗೆ ಇದು ಬಹಳ ನೋವಾಯಿತು. ಪ್ರಾಣಿಯ ಮಾತು, ಧರ್ಮದ ಮಾತು ಅವಳು ಆಡಲೇ ಇಲ್ಲ. 'ನನ್ ಕೈ ಅಡುಗೆ ಬ್ಯಾಡವಾಯ್ತಾ ಮಗೀಗೆ?' ಎಂದಷ್ಟೇ ಕೇಳಿದಳು. ಒಂದು ಊಟವನ್ನು ಒಲ್ಲೆ ಎನ್ನುವಾಗ ಅದರ ಹಿಂದಿನ ಕೈಯನ್ನೂ ಒಲ್ಲೆ ಎಂದಂತೆ ಕೇಳಿಸುತ್ತದೆ. ಮನೆಯಲ್ಲಿ ಗುಟ್ಟಾಗಿ ಮೊಟ್ಟೆ ತಿನ್ನಲು ಆರಂಭಿಸಿ ಇಪ್ಪತ್ತು ವರ್ಷ ತಾಯಿಗೆ ಹೇಳಲಾರದೆ ಉಳಿದ ನನ್ನ ಸಹೋದ್ಯೋಗಿಯೊಬ್ಬರ ಸಂಕಟವೂ ಇದೇ ಆಗಿತ್ತು. ಅವ್ವ ಆಮೇಲೆ ಮೊಮ್ಮಗಳಿಗೆಂದು ಅದೇ ಬಾಡಿನ ಮಸಾಲೆಯಲ್ಲಿ ಹಿದುಕಿದ ಅವರೆಕಾಳು ಬೇಯಿಸಲು ಕಲಿತಳು. ಅವಳಿಗಾಗ 70 ದಾಟಿತ್ತು.

ಅವ್ವ ತೀರಿಕೊಂಡ ಮೇಲಿನ ಮೊದಲ ಮಹಾಲಯ ಅಮಾವಾಸ್ಯೆಗೆ ಅಣ್ಣನ ಮನೆಯಲ್ಲಿ ಎಡೆ ಇಟ್ಟೆವು. ನಮ್ಮಲ್ಲಿ ಎಡೆಗೆ ತೀರಿಕೊಂಡವರು ಇಷ್ಟಪಡುತ್ತಿದ್ದದ್ದನ್ನು ಮಾಡುತ್ತಾರೆ, ಹೊಸ ಸೀರೆ ಇಡುತ್ತಾರೆ. ಸಾರು ನಾನು ಮಾಡುತ್ತೇನೆ ಎಂದು ಮಗಳೇ ಮುಂದೆ ಬಂದಳು. ಅವಳು ಮಾಂಸ ಬಿಟ್ಟು ಆಗಲೇ ಹನ್ನೊಂದು ವರ್ಷವಾಗಿತ್ತು. ಮೂಗಿಗೆ ಸೆರಗೂ ಕಟ್ಟದೆ ತುಂಡುಗಳನ್ನು ತೊಳೆದಳು, ಮಸಾಲೆ ಅರೆದಳು. ಎಡೆಯ ಅಡುಗೆಯನ್ನು ಇಡುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ಉಪ್ಪು ಖಾರವನ್ನು ಅಜ್ಜಿ ಹಾಕುತ್ತಿದ್ದ ಅಂದಾಜಿನಲ್ಲೇ ಹಾಕಿದಳು. ಬಾಳೆ ಎಲೆಗೆ ಬಡಿಸುವಾಗ ಅಣ್ಣ, 'ಅವ್ವಂಗೆ ಮೂಳೆ ಅಂದ್ರೆ ಇಷ್ಟ, ಎಲ್ಡು ಮೂಳೆ ಹಾಕವ್ವ' ಎಂದ. ಅವಳು ನನ್ನ ಮುಖ ನೋಡಿದಳು. ಆಮೇಲೆ ಸೌಟಿನಲ್ಲಿ ತಡಕಿ, ತೊಡೆಯ ಮೆತ್ತನೆಯ ತುಂಡುಗಳನ್ನೇ ಒಂದೊಂದಾಗಿ ಆರಿಸಿ, ಎಲೆಯ ಬಲಭಾಗದಲ್ಲಿ ಗುಡ್ಡೆ ಹಾಕಿದಳು.